ಅಟ್ಟ ಬರೆದ ಸೊಸೆ

ಕೆಂಕೆರೆ
4 ಅಕ್ಟೋಬರ್ 2024

ನನ್ನ ಇಕ್ರಾ,

ನೋಡಿದೆಯಾ, ಮಾತು ಉಳಿಸಿಕೊಂಡೆ! ಮದುವೆಯಾಗಿ ಆರು ವಾರ, ನವರಾತ್ರಿ ಹಿಡಿದು ಎರಡು ದಿನ, ಸ್ಕೆಚ್ ಪುಸ್ತಕದಲ್ಲಿ ಎರಡು ಚಿತ್ರ. ಪಿಯುಸಿಯಲ್ಲಿ ಶುರು ಮಾಡಿದ ನಮ್ಮ ಶರತ್ಕಾಲದ ಪುಸ್ತಕ ಈ ಸಲವೂ ತಪ್ಪಲಿಲ್ಲ. ತಿಪಟೂರು ಬಿಡುವಾಗ ನೀನು ‘ಮದುವೆಯಾದವರು ಚಿತ್ರ ಬರೆಯಲ್ಲ, ರಂಗೋಲಿ ಬರೀತಾರೆ ಅಷ್ಟೆ’ ಅಂದಿದ್ದೆಯಲ್ಲ, ಈಗ ಬಾಯಿ ಮುಚ್ಚಿಕೋ.

ನಿಯಮ ಒಂದನ್ನೂ ಮುರಿದಿಲ್ಲ. ನವರಾತ್ರಿಯಿಂದ ಕಾರ್ತಿಕ ಮುಗಿಯುವವರೆಗೆ ದಿನಕ್ಕೊಂದು. ಎದುರಿಗೆ ಇರುವುದನ್ನೇ ಬರೆಯಬೇಕು. ರಬ್ಬರ್ ಮುಟ್ಟಬಾರದು. ಲೋಟದ ಕಾಫಿ ಆರುವಷ್ಟು ಹೊತ್ತು, ಅದಕ್ಕಿಂತ ಹೆಚ್ಚು ಕೂರಬಾರದು. ಚೆನ್ನಾಗಿ ಬರಲೇಬೇಕು ಅಂತ ಹಟ ಮಾಡಬಾರದು. ಪ್ರತಿ ಪತ್ರದ ಜೊತೆ ಒಂದು ಹಾಳೆ ಕಿತ್ತು ಕಳಿಸಬೇಕು, ಅಂಚೆಯಲ್ಲೇ. ವಾಟ್ಸಾಪಿನಲ್ಲಾದರೆ ಹೆಬ್ಬೆರಳು ಒತ್ತಿ ಮುಂದೆ ಹೋಗಿಬಿಡುತ್ತೇವೆ ಅಂತ ನೀನೇ ಹೇಳಿದ್ದು. ಕನ್ನಡದಲ್ಲೇ ಬರಿ, ಇಂಗ್ಲಿಷಿನಲ್ಲಿ ಬರೆದರೆ ನಿನಗೆ ಎಲ್ಲವೂ ಅಮೇಜಿಂಗ್ ಆಗಿಬಿಡುತ್ತೆ ಅಂತಲೂ ಹೇಳಿದ್ದೆ. ಏನು ಮಾಡಲಿ ಕಣೇ, ಎಲ್ಲವೂ ಅಮೇಜಿಂಗೇ ಇದೆ!

ನಮ್ಮ ಕಾನ್ವೆಂಟಿನ ಡ್ರಾಯಿಂಗ್ ಪುಸ್ತಕದಲ್ಲಿ ಆಟಮ್ ಅಂದರೆ ಕಿತ್ತಳೆ ಬಣ್ಣದ ಎಲೆ ಉದುರಿಸುವ ಮರ. ಅಂಥ ಮರ ಹುಡುಕಿಕೊಂಡು ತಿಪಟೂರೆಲ್ಲ ಸೈಕಲ್ ತುಳಿದಿದ್ದೆವು. ಇಲ್ಲಿಯೂ ಇಲ್ಲ. ತೆಂಗಿನ ಗರಿಗೆ ಉದುರುವ ಕಾಲ ಅಂತ ಒಂದಿಲ್ಲ, ಮನಸ್ಸು ಬಂದ ದಿನ ಬೀಳುತ್ತದೆ. ಆದರೆ ತೋಟದ ಆಚೆ ರಾಗಿ ಹೊಲದ ಸಾಲುಗಳಲ್ಲಿ ಹುಚ್ಚೆಳ್ಳು ಹೂ ಬಿಟ್ಟಿದೆ. ಬೆಳಿಗ್ಗೆ ಮಂಜು ಏಳುವಾಗ ಆ ಹಳದಿ ನೋಡಿದರೆ ಯಾರೋ ಬೇಕಂತಲೇ ಗೆರೆ ಎಳೆದ ಹಾಗಿರುತ್ತದೆ. ಮೊದಲನೇ ಚಿತ್ರ ಅದು. ನಿನಗೆ ಕಳಿಸಿದ್ದೇನೆ.

ಎರಡನೆಯದು ಕಳಿಸುವುದಿಲ್ಲ, ಅದು ನನಗೇ ಬೇಕು. ಅದು ನಮ್ಮ ಅಟ್ಟ. ಇಡೀ ಮನೆಯ ಮೇಲೆ ಹಲಗೆ ಹಾಕಿ ಮಾಡಿದ್ದು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಲ್ಲಿ ತುಂಬಿ ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಮಾರ್ಕೆಟ್ಟಿನಲ್ಲಿ ಮೂಟೆ ಮೂಟೆ ನೋಡಿ ಬೆಳೆದವಳು ನಾನು, ಅದು ಹೀಗೆ ಕತ್ತಲಲ್ಲಿ ಕೂತು ಆಗುತ್ತದೆ ಅಂತ ಗೊತ್ತೇ ಇರಲಿಲ್ಲ! ಪಕ್ಕದ ಮನೆಯ ಚಿಕ್ಕಗೌರಮ್ಮನವರ ಕಾಯೂ ಇಲ್ಲೇ. ಗಂಡ ತೀರಿಕೊಂಡಿದ್ದಾರೆ, ನಲವತ್ತು ಮರ ಇವೆ, ಅಟ್ಟ ಇಲ್ಲ. ಮರ ನೋಡಿಕೊಳ್ಳುವುದರಿಂದ ಹಿಡಿದು ಎಲ್ಲ ಇವರದೇ ಜವಾಬ್ದಾರಿ. ‘ಇವರು’ ಅಂದರೆ ಜ್ಞಾನೇಶ್. ‘ಇವರು’ ಅಂತ ಬರೆಯುವುದಕ್ಕೇ ನಗು ಬರುತ್ತೆ.

ಅತ್ತೆ ಮೊದಲೇ ಹೇಳಿದ್ದರು. ಅಟ್ಟ ತುಂಬಿ, ಬಾಗಿಲಿಗೆ ವಿಭೂತಿ ಹಚ್ಚಿ ಮುಚ್ಚಿದರೆ ಇಳಿಸುವ ದಿನದವರೆಗೆ ಹೊಸದಾಗಿ ಬಂದ ಸೊಸೆ ಅದನ್ನು ನೋಡಬಾರದು. ಎಷ್ಟಿದೆ ಅನ್ನಬಾರದು, ಚೆನ್ನಾಗಿದೆ ಅನ್ನಬಾರದು. ದೃಷ್ಟಿಯಂತೆ. ಇವರಿಗೆ ಅದೆಲ್ಲ ಜೋಕು. ‘ಬಾ, ನಿನ್ನ ಪುಸ್ತಕಕ್ಕೆ ಒಂದು ಸೀನ್ ತೋರಿಸ್ತೀನಿ’ ಅಂತ ಅತ್ತೆ ಕೆರೆ ಕಡೆ ಹೋದಾಗ ಏಣಿ ಹಿಡಿದು ಹತ್ತಿಸಿದರು. ಹೆಂಚಿನ ಸಂದಿಯಿಂದ ಬಿಸಿಲು ಬಂದು ಸಾವಿರಾರು ಕಾಯಿಗಳ ಮೇಲೆ ಚುಕ್ಕೆ ಚುಕ್ಕೆ. ನಾನು ಬರೆಯುತ್ತಾ ಕೂತೆ, ಇವರು ಕಾಲು ಇಳಿಬಿಟ್ಟು ಶಿಳ್ಳೆ ಹಾಕುತ್ತಾ ಕೂತರು. ‘ಅಮ್ಮಂಗೆ ಹೇಳಬ್ಯಾಡ’ ಅಂದರು. ಗಂಡ ಹೆಂಡತಿಗೆ ಒಂದು ಗುಟ್ಟು ಅಂತ ಸಿಕ್ಕಿತು ನೋಡು!

ಇನ್ನೊಂದು. ಹತ್ತನೇ ತಾರೀಖು ನಾವು ಊಟಿಗೆ! ಅದಕ್ಕೇ ಇವರು ಎಲ್ಲ ಕೆಲಸ ಒಟ್ಟಿಗೆ ಮುಗಿಸಿದ್ದು. ಕಾಯಿ ಕೆಡವುವ ಕಲ್ಲೇಶ್ ಇದ್ದಾನೆ, ಗೊಣಗುತ್ತಲೇ ಮರ ಹತ್ತುವವನು. ‘ಎರಡನೇ ಗೊನೆ ಇನ್ನೂ ಎಳೇದು ಕಣಪ್ಪ, ದೀಪಾವಳಿ ಕಳೀಲಿ ಬುಡು’ ಅಂದ. ಇವರು, ‘ಇಳಿಸ್ಲಾ, ಅಟ್ಟದಲ್ಲೇ ಬಲೀತವೆ. ನಾನು ಹೆಂಡ್ತಿ ಕರ್ಕೊಂಡು ಊಟಿಗೆ ಹೋಗ್ಬೇಕು’ ಅಂದರು. ಎಲ್ಲರ ಎದುರಿಗೆ! ನಾನು ನಾಚಿಕೆಯಿಂದ ಒಳಗೆ ಓಡಿಹೋದೆ.

ಸಂತೋಷ ಹೊಟ್ಟೆಯಲ್ಲಿ ಹಿಡಿಸದ,
ಲಿಖಿತಾ


ತಿಪಟೂರು
14 ಅಕ್ಟೋಬರ್ 2024

ಲಿಖಿ,

ನಿನ್ನ ಪತ್ರದಲ್ಲಿ ಆರು ಆಶ್ಚರ್ಯಸೂಚಕ ಚಿಹ್ನೆ ಇವೆ. ಅಬ್ಬು ಕೇಳಿದರು, ‘ಏನಂತೆ ನಿನ್ನ ಫ್ರೆಂಡು?’ ‘ಬದುಕಿದ್ದಾಳೆ, ತುಂಬಾ ಬದುಕಿದ್ದಾಳೆ’ ಅಂದೆ.

ಹುಚ್ಚೆಳ್ಳು ಚೆನ್ನಾಗಿದೆ. ಚೆನ್ನಾಗಿ ಬರಬಾರದು ಅನ್ನುವ ನಿಯಮ ಮುರಿದಿದ್ದೀಯ. ಇಲ್ಲಿ ದಸರಾ ರವಿಕೆಗಳ ರಾಶಿಯಲ್ಲಿ ನನ್ನ ಕುತ್ತಿಗೆ ಹೋಗಿದೆ. ಅಂಗಡಿಯಲ್ಲಿ ಅಬ್ಬು ಮೆಷಿನ್ ತುಳಿಯುತ್ತಾರೆ, ನಾನು ಕಟಿಂಗು, ಅಮ್ಮಿ ಕಾಜಾ ಗುಂಡಿ. ಕತ್ತರಿಸಿ ಉಳಿದ ಬ್ರೌನ್ ಪೇಪರಿನಲ್ಲೇ ಬರೆಯುತ್ತಿದ್ದೇನೆ. ಈ ಹಾಳೆಯಲ್ಲಿರುವುದು ಅಮ್ಮಿಯ ಹೆಬ್ಬೆರಳು. ಸೂಜಿ ಚುಚ್ಚಿ ಚುಚ್ಚಿ ಜರಡಿಯಾಗಿದೆ. ‘ನನ್ನ ಮುಖ ಬಿಟ್ಟು ಇದನ್ನೇ ಬರೀಬೇಕಾ’ ಅಂತ ಬೈದರು.

ಒಂದು ಮಾತು ಹೇಳಲಾ? ನಿನ್ನ ಪತ್ರದಲ್ಲಿ ಎಲ್ಲರೂ ಏನೋ ಬೇಡ ಅಂತಿದ್ದಾರೆ. ಅತ್ತೆ ಬೇಡ ಅಂದರು, ಕಲ್ಲೇಶ್ ಬೇಡ ಅಂದ. ನೀವಿಬ್ಬರೂ ನಕ್ಕಿರಿ. ನನಗೆ ತೆಂಗಿನ ವಿಷಯ ಗೊತ್ತಿಲ್ಲ, ಬಿಡು. ಊಟಿಯಲ್ಲಿ ಕಿತ್ತಳೆ ಎಲೆಯ ಮರ ಸಿಕ್ಕರೆ ತಿಳಿಸು.

ಇಕ್ರಾ


ಕೆಂಕೆರೆ
24 ನವೆಂಬರ್ 2024

ಇಕ್ರಾ ಡಾರ್ಲಿಂಗ್,

ಸಿಗಲಿಲ್ಲ. ನೀಲಗಿರಿ ಮರಗಳು, ಮಳೆ, ಮತ್ತು ನಾವಿಬ್ಬರು. ಮಳೆ ಚಿತ್ರ ಕಳಿಸಿದ್ದೇನೆ. ಹೋಟೆಲಿನ ಕಿಟಕಿ ಅದು. ಉಳಿದಿದ್ದು ಬರೆದು ಹೇಳುವಂಥದ್ದಲ್ಲ, ಹ್ಹಹ್ಹ.

ಮನೆಗೆ ಬಂದ ಮೇಲೆ ಒಂದು ತಮಾಷೆ ಆಯಿತು. ತಮಾಷೆಯೇ ಅಂದುಕೊಂಡಿದ್ದೇನೆ. ಅತ್ತೆ ಒಂದು ಸಂಜೆ ನನ್ನ ಪುಸ್ತಕ ಕೈಗೆತ್ತಿಕೊಂಡರು. ಒಂದೊಂದೇ ಹಾಳೆ ಸೆರಗಿನಲ್ಲಿ ಕೈ ಒರೆಸಿಕೊಂಡು ತಿರುವಿದರು. ರಾಗಿ ತೆನೆ, ಮರ ಹತ್ತುವಾಗ ಕಲ್ಲೇಶ ಕಾಲಿಗೆ ಹಾಕುವ ಬಳೆಹಗ್ಗ, ನಮ್ಮ ಎಮ್ಮೆಯ ಮುಖ. ಎಮ್ಮೆಗೆ ಬಹಳ ನಕ್ಕರು. ‘ಚಿಕ್ಕಗೌರಾ, ಬಾರೆ ಇಲ್ಲಿ, ನಮ್ಮ ಹುಡುಗಿ ಕೈ ನೋಡು’ ಅಂತ ಪಕ್ಕದ ಮನೆಯವರನ್ನೂ ಕರೆದರು. ನಾನು ಉಬ್ಬಿಹೋದೆ. ಆಮೇಲೆ ಅಟ್ಟದ ಹಾಳೆ ಬಂತು.

ಚಿಕ್ಕಗೌರಮ್ಮನವರೇ ಮೊದಲು ಮಾತಾಡಿದ್ದು. ‘ಇದರಲ್ಲಿ ನನ್ನ ಕಾಯಿ ಯಾವ್ದು ತಾಯಿ?’

ನಾನು ಪೆದ್ದಿ, ಬೆರಳಿಟ್ಟು ತೋರಿಸಿದೆ. ‘ಇಗೋ, ಬಿದಿರಿನ ತಟ್ಟಿಯಿಂದ ಈಚೆ ಇರೋದೆಲ್ಲ ನಿಮ್ಮದು.’

ಅತ್ತೆ ಪುಸ್ತಕ ಮುಚ್ಚಿದರು. ‘ಯಾರು ಹತ್ತಿಸಿದ್ರು ನಿನ್ನ?’

ಇವರು ಅಲ್ಲೇ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ಅವರ ಮುಖ ನೋಡಿದೆ. ಅವರು ಫೋನ್ ನೋಡುತ್ತಿದ್ದರು. ‘ನಾನೇ ಹತ್ತಿದೆ ಅತ್ತೆ’ ಅಂದೆ.

ಅತ್ತೆ ಬೈಯಲಿಲ್ಲ ಕಣೇ. ಉಪ್ಪು, ಮೂರು ಒಣಮೆಣಸಿನಕಾಯಿ ತಂದು ಅಟ್ಟದ ಬಾಗಿಲಿಗೆ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಅಂತ ಅರ್ಥವಂತೆ. ‘ಚಿಮಣಿ ಅಷ್ಟು ಜೋರಾಗಿ ಓಡ್ತಿದೆ, ಎಲ್ಲಿಂದ ಬರುತ್ತೆ ಘಾಟು!’ ಅಂತ ನಾನು ಇವರ ಹತ್ತಿರ ಹೇಳಿಕೊಂಡು ನಕ್ಕೆ. ಅವರೂ ನಕ್ಕರು. ‘ನೀವೇ ಹತ್ತಿಸಿದ್ದು ಅಂತ ಒಂದು ಮಾತು ಹೇಳಿಬಿಡಿ, ಅತ್ತೆಗೆ ಸಮಾಧಾನ ಆಗುತ್ತೆ’ ಅಂದೆ. ‘ಹೇಳ್ತೀನಿ ಬುಡು, ಸಮಯ ನೋಡಿ ಹೇಳ್ತೀನಿ’ ಅಂದರು.

ಕಾರ್ತಿಕ ಇನ್ನೇನು ಒಂದು ವಾರ ಇದೆ. ಐವತ್ತು ಚಿತ್ರ ದಾಟಿದೆ!

ನಿನ್ನ,
ಲಿಖಿತಾ


ತಿಪಟೂರು
9 ಫೆಬ್ರವರಿ 2025

ಲಿಖಿ,

ಹಾಳೆಯೂ ಇಲ್ಲ, ಪತ್ರವೂ ಇಲ್ಲ. ಶರತ್ಕಾಲ ಮುಗಿಯಿತು, ಬರೆಯಬೇಕೆಂಬ ನಿಯಮ ಇಲ್ಲ, ಒಪ್ಪಿದೆ. ಫೋನ್ ಮಾಡಿದರೆ ‘ಚೆನ್ನಾಗಿದೀನಿ ಕಣೇ’ ಅಂತೀಯ. ಆ ‘ಕಣೇ’ಯನ್ನು ಯಾರೋ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವ ಹಾಗೆ ಹೇಳುತ್ತೀಯ.

ಅವರು ಹೇಳಿದರಾ?

ಇಕ್ರಾ


ಕೆಂಕೆರೆ
7 ಸೆಪ್ಟೆಂಬರ್ 2025

ಇಕ್ರಾ,

ಇಲ್ಲ. ಹೇಳಲಿಲ್ಲ.

ಏಳು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸು. ಹೋದ ಮಂಗಳವಾರ ಅಟ್ಟ ಇಳಿಸಿದರು. ಈ ವರ್ಷ ಕೊಬ್ಬರಿಗೆ ಎಂದೂ ಇಲ್ಲದ ಬೆಲೆ, ಎಲ್ಲರ ಮುಖದಲ್ಲೂ ಹಬ್ಬ. ಆರಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟಲೊಟ ಬಡಿಯುತ್ತದೆ. ಆ ಸದ್ದು ಕೇಳಬೇಕು ಅಂತ ನಾನು ವರ್ಷವೆಲ್ಲ ಕಾದಿದ್ದೆ. ಮೊದಲನೆಯದು ಬಡಿಯಿತು. ಎರಡನೆಯದು ಸುಮ್ಮನಿತ್ತು. ಮೂರು ಕಾಯಿಗೆ ಒಂದು ಸುಮ್ಮನೇ ಇತ್ತು. ಒಡೆದರೆ ಒಳಗೆ ಕಪ್ಪು ಲೋಳೆ. ಕೌಟು ವಾಸನೆ ಬೀದಿಯ ಕೊನೆಯವರೆಗೆ ಹೋಯಿತು. ಕೊಳೆತಿದ್ದು ಸೋರಿ ಕೆಳಗಿದ್ದ ಒಳ್ಳೆಯ ಕಾಯಿಗಳನ್ನೂ ಹಾಳು ಮಾಡಿತ್ತು. ಚಿಕ್ಕಗೌರಮ್ಮನವರ ಕಾಯಿ ತಟ್ಟಿಯ ಈಚೆ, ತಗ್ಗಿನಲ್ಲಿ ಇತ್ತು. ಅವರದು ಅರ್ಧಕ್ಕರ್ಧ ಹೋಯಿತು.

ಅತ್ತೆ ಅಂಗಳದಲ್ಲಿ ಕೂತು ಒಂದೇ ಮಾತು ಹೇಳಿದರು. ‘ಚಿತ್ರ ಬರೆದ್ಲು.’ ಅಷ್ಟೆ. ಯಾರು ಕೇಳಿದರೂ ಅಷ್ಟೆ.

ಚಿಕ್ಕಗೌರಮ್ಮನವರು ನನ್ನ ಹತ್ತಿರ ಬಂದರು. ಬೈದಿದ್ದರೆ ಚೆನ್ನಾಗಿತ್ತು. ಬೆರಳಿಟ್ಟು ತೋರಿಸಿದೆಯಲ್ಲ ತಾಯಿ, ಅಂದರು. ‘ನಾನೇನು ಮಾಡಿದ್ದೆ ನಿಂಗೆ?’

ಈಗ ಊರಿನಲ್ಲಿ ನನಗೊಂದು ಹೆಸರಿದೆ. ಅಟ್ಟ ಬರೆದ ಸೊಸೆ. ನಾನು ಬೀದಿಯಲ್ಲಿ ಹೋದರೆ ಎಳೆಗರುವನ್ನು ಒಳಗೆ ಎಳೆದುಕೊಳ್ಳುತ್ತಾರೆ. ಒಬ್ಬಾಕೆ ಕುಂಬಳದ ಬಳ್ಳಿಯ ಮುಂದೆ ಬಂದು ನಿಂತಳು, ನಾನು ದಾಟಿ ಹೋಗುವವರೆಗೂ ನನ್ನನ್ನೇ ನೋಡಿ ನಗುತ್ತಾ. ಅವಳ ನಗು ಎಷ್ಟು ಒಳ್ಳೆಯದಿತ್ತು ಗೊತ್ತಾ! ಇಕ್ರಾ, ನಾನು ಐದು ವರ್ಷ ಬಯಾಲಜಿ ಓದಿದವಳು. ಒಂದು ಗಳಿಗೆ ನನಗೇ ಅನುಮಾನ ಬಂತು, ನನ್ನ ಕಣ್ಣೇ ಏನೋ ಮಾಡಿತಾ ಅಂತ. ಅದನ್ನು ನಿನಗೆ ಬಿಟ್ಟು ಇನ್ಯಾರಿಗೂ ಹೇಳಲಾರೆ.

ನಾನೂ ಸುಮ್ಮನಿರಲಿಲ್ಲ. ಎಳೆಗಾಯಿ ಕೆಡವಿದ್ದರಿಂದ ಹೀಗಾಯಿತು ಅಂತ ಹೇಳಿದೆ. ‘ಗಂಡನ ಮ್ಯಾಲೆ ಹಾಕ್ತಾಳೆ ನೋಡ್ರೇ’ ಅಂದರು. ಅದನ್ನು ಅವರೇ ಹೇಳಬೇಕು. ಅವರೊಬ್ಬರು ಹೇಳಿದರೆ ಸಾಕು. ದಿನಾ ಕೇಳುತ್ತೇನೆ. ದಿನಾ ‘ಸಮಯ ನೋಡಿ’ ಅನ್ನುತ್ತಾರೆ.

ಲಿಖಿತಾ


ತಿಪಟೂರು
11 ಸೆಪ್ಟೆಂಬರ್ 2025

ಲಿಖಿ,

ಅಂಗಡಿಯಲ್ಲಿ ನಿನ್ನ ಪತ್ರ ಓದಿ ಯಾರದೋ ರವಿಕೆಯ ತೋಳನ್ನು ಎರಡು ಇಂಚು ಗಿಡ್ಡ ಕತ್ತರಿಸಿದೆ.

ಇದರ ಜೊತೆ ಹೋದ ವರ್ಷ ಅಕ್ಟೋಬರ್ ನಾಲ್ಕರಂದು ನೀನು ಬರೆದ ಪತ್ರ ಇದೆ. ಕಲ್ಲೇಶ್ ಹೇಳಿದ್ದು, ನಿನ್ನ ಗಂಡ ಹೇಳಿದ್ದು, ಏಣಿ ಹಿಡಿದವರು ಯಾರು, ಎಲ್ಲ ನಿನ್ನ ಕೈಬರಹದಲ್ಲೇ. ಕಾಯಿ ಕೊಳೆಯುವುದಕ್ಕೆ ಹನ್ನೊಂದು ತಿಂಗಳು ಮೊದಲೇ. ಆಗ ನಿನಗೆ ಯಾರ ಮೇಲೂ ಹಾಕುವ ಅಗತ್ಯ ಇರಲಿಲ್ಲ, ಬರೀ ಪ್ರೀತಿ ಇತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಅತ್ತೆಯ ಎದುರು ಕೂತು ಓದು. ನಾಚಿಕೆಯಾಗುವ ಸಾಲುಗಳನ್ನೂ ಓದು.

ಮತ್ತೆ, ನಿನ್ನ ಕಣ್ಣು ಏನೂ ಮಾಡಿಲ್ಲ. ಹತ್ತು ವರ್ಷದಿಂದ ನನ್ನನ್ನು ನೋಡುತ್ತಿದೆ. ನಾನು ಚೆನ್ನಾಗೇ ಇದ್ದೇನೆ, ಸ್ವಲ್ಪ ದಪ್ಪ ಆಗಿದ್ದೇನೆ ಅಷ್ಟೆ.

ಇಕ್ರಾ


ಕೆಂಕೆರೆ
22 ಸೆಪ್ಟೆಂಬರ್ 2025

ಇಕ್ರಾ,

ಓದಿದೆ. ನಿನ್ನೆ ಮಹಾಲಯ ಅಮಾವಾಸ್ಯೆ. ತೀರಿಕೊಂಡ ಮಾವನವರಿಗೆ ಎಡೆ ಇಡಬೇಕು ಅಂತ ಅತ್ತೆ ಕರಿಗಡುಬು ಮಾಡುತ್ತಿದ್ದರು. ನಾನು ಎದುರಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಶಿಳ್ಳೆ, ಊಟಿ, ಏನನ್ನೂ ಬಿಡಲಿಲ್ಲ. ಅವರು ಕಡುಬಿನ ಅಂಚು ಒತ್ತುವುದನ್ನು ನಿಲ್ಲಿಸಲಿಲ್ಲ.

‘ಆಯ್ತಾ?’ ಅಂದರು. ‘ನಂಗೊತ್ತಿಲ್ವಾ ಲಿಖಿತಾ? ಮೊದಲನೇ ಕಾಯಿ ಒಡೆದಾಗಲೇ ಗೊತ್ತಾಯ್ತು. ಎಳೆಗಾಯಿ ಚಿಪ್ಪಿನ ಬಣ್ಣವೇ ಬ್ಯಾರೆ. ನಲವತ್ತು ವರ್ಷದಿಂದ ಅದ್ನೇ ಒಡೀತಿದೀನಿ.’

‘ಮತ್ತೆ ನನ್ನ ಮೇಲೆ ಯಾಕೆ ಹಾಕಿದ್ರಿ ಅತ್ತೆ?’

‘ನಾನೆಲ್ಲಿ ಹಾಕ್ದೆ? ಚಿತ್ರ ಬರೆದ್ಲು ಅಂದೆ. ಬರೆದಿದ್ದು ಸುಳ್ಳಾ?’

‘ಜನ ಏನು ತಿಳ್ಕೊಂಡ್ರು ಅಂತ ನಿಮಗೆ ಗೊತ್ತು.’

‘ಗೊತ್ತು ಕಣವ್ವ. ಎಳೆಗಾಯಿ ಕೆಡವ್ದ ಅಂತ ಒಂದ್ಸಲ ಹೆಸರು ಬಂದ್ರೆ ನಾಳೆಯಿಂದ ಅವನ ಕೈಗೆ ಯಾರು ತೋಟ ಬುಡ್ತಾರೆ? ಹೆಣ್ಣಿನ ಕಣ್ಣು ಬಿತ್ತು ಅಂದ್ರೆ ನಾಲ್ಕು ದಿನ ಆಡ್ಕೊಂಡು ಮರೀತಾರೆ. ನಾನು ಈ ಮನೆಗೆ ಬಂದ ವರ್ಷ ಬಾವಿ ಬತ್ತಿತು. ನನ್ನ ಕಾಲ್ಗುಣ ಅಂದ್ರು. ಹತ್ತು ವರ್ಷ ಅಂದ್ರು. ಸತ್ತೋದ್ನಾ ನಾನು?’ ಆಮೇಲೆ ಒಂದು ಕಡುಬು ನನ್ನ ಕೈಗಿಟ್ಟು, ‘ಎಡೆಗೆ ಮುಂಚೆ ತಿನ್ನಬಾರದು, ಪರವಾಗಿಲ್ಲ, ತಿನ್ನು. ಬೆಳಗಿಂದ ಏನೂ ತಿಂದಿಲ್ಲ ನೀನು’ ಅಂದರು.

ತಿಂದೆ ಕಣೇ. ಹಸಿವಾಗಿತ್ತು. ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು.

ಸಂಜೆ ಜ್ಞಾನೇಶ್ ಜೊತೆ ಜಗಳ ಆಯಿತು. ಮದುವೆಯಾದ ಮೇಲೆ ಮೊದಲನೇ ದೊಡ್ಡ ಜಗಳ. ‘ಊರಿಗೆಲ್ಲ ಹೇಳಬೇಡಿ. ಚಿಕ್ಕಗೌರಮ್ಮನವರಿಗೆ ಒಬ್ಬರಿಗೆ ಹೇಳಿ. ಅವರ ಕಾಯಿ ಯಾಕೆ ಹೋಯ್ತು ಅಂತ ಅವರಿಗೆ ಗೊತ್ತಾಗಬೇಕು’ ಅಂದೆ. ಕೊನೆಗೆ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ‘ಆಯುಧಪೂಜೆ ದಿನ ಅವರೂ ಬರ್ತಾರೆ, ಕಲ್ಲೇಶನೂ ಇರ್ತಾನೆ. ಎಲ್ಲರ ಎದುರಿಗೆ ಹೇಳ್ತೀನಿ. ಪ್ರಾಮಿಸ್’ ಅಂದರು. ಕಣ್ಣಲ್ಲಿ ನೀರಿತ್ತು. ನನಗೆ ಮತ್ತೆ ಊಟಿಯಲ್ಲಿದ್ದ ಹಾಗೆ ಅನಿಸಿಬಿಟ್ಟಿತು. ನಾನು ಎಷ್ಟು ಬೇಗ ಕರಗುತ್ತೇನೆ ನೋಡು!

ಇವತ್ತು ನವರಾತ್ರಿಯ ಮೊದಲನೇ ದಿನ. ಅತ್ತೆ ಪುಸ್ತಕ ತೆಗೆಯಬೇಡ ಅನ್ನಲಿಲ್ಲ. ‘ಅಂಗಳದಲ್ಲಿ ಕೂತು ಬರೀಬ್ಯಾಡ, ಜನ ನೋಡ್ತಾರೆ’ ಅಂದರು. ಹಿತ್ತಿಲ ಬಾಗಿಲ ಹಿಂದೆ ಕೂತು ನೀರಿನ ತೊಟ್ಟಿ ಬರೆದೆ. ಕಾಫಿ ಆರುವುದರೊಳಗೆ ಐದು ಸಲ ತಿರುಗಿ ನೋಡಿದೆ, ಯಾರಾದರೂ ಬಂದರಾ ಅಂತ. ಗೆರೆಯೆಲ್ಲ ನಡುಗಿದೆ. ಕಳಿಸುತ್ತಿದ್ದೇನೆ.

ಆಯುಧಪೂಜೆಗೆ ಒಂಬತ್ತು ದಿನ ಇದೆ.

ನಿನ್ನ,
ಲಿಖಿತಾ


ತಿಪಟೂರು
26 ಸೆಪ್ಟೆಂಬರ್ 2025

ಲಿಖಿ,

ತೊಟ್ಟಿ ಸಿಕ್ಕಿತು. ಆರಾಮಾಗಿ ಬರೆಯುವುದಕ್ಕೆ ಅಂತ ನಾವು ಮಾಡಿಕೊಂಡಿದ್ದು ಇದು. ಕದ್ದು ಬರೆಯುವುದಕ್ಕಲ್ಲ.

ನಿನ್ನ ಗಂಡ ಹೇಳಲಿ ಅಂತ ನಾನೂ ದುವಾ ಮಾಡುತ್ತೇನೆ. ಅಮ್ಮಿಗೂ ಹೇಳಿದ್ದೇನೆ, ಅವರ ದುವಾ ನನ್ನದಕ್ಕಿಂತ ಬೇಗ ಮುಟ್ಟುತ್ತದೆ. ಹೇಳಿದರೆ ಸಿಹಿ ತೆಗೆದುಕೊಂಡು ನಾನೇ ಕೆಂಕೆರೆಗೆ ಬರುತ್ತೇನೆ. ಹೇಳದಿದ್ದರೆ ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ. ನನಗೆ ಮದುವೆಯಾಗಿಲ್ಲ, ಸುಲಭವಾಗಿ ಹೇಳಿಬಿಡುತ್ತೇನೆ, ಅದಕ್ಕೆ.

ಇಕ್ರಾ


ಕೆಂಕೆರೆ
3 ಅಕ್ಟೋಬರ್ 2025

ಇಕ್ರಾ,

ಮೊನ್ನೆ ಏನು ನಡೆಯಿತೋ ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಟ್ರ್ಯಾಕ್ಟರ್, ಮೋಟಾರು, ಮಚ್ಚು, ಕಾಯಿ ಸುಲಿಯುವ ಕಬ್ಬಿಣ ಎಲ್ಲ ತೊಳೆದು ಅಂಗಳದಲ್ಲಿ ಸಾಲಾಗಿ ಇಟ್ಟು ಕುಂಕುಮ ಹಚ್ಚಿದೆವು. ಜ್ಞಾನೇಶ್ ಹೊಸ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡಿದ್ದರು. ಮಂಗಳಾರತಿ ಆಯಿತು. ಕಲ್ಲೇಶ್ ಬಂದ, ಚಿಕ್ಕಗೌರಮ್ಮನವರು ಬಂದರು, ಬೀದಿಯ ನಾಲ್ಕಾರು ಜನ ಬಂದರು. ನಾನು ಎಲ್ಲರಿಗೂ ಪ್ರಸಾದದ ಚರುಪು ಹಂಚಿದೆ. ಹಂಚುವಾಗ ಒಳಗೊಳಗೇ ಖುಷಿ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ.

ಚಿಕ್ಕಗೌರಮ್ಮನವರೇ ಮಾತು ತೆಗೆದರು. ‘ಈ ವರ್ಷದ ಕಾಯೂ ನಿಮ್ಮ ಅಟ್ಟಕ್ಕೇ ಹಾಕ್ಬೇಕಲ್ಲಪ್ಪ ಜ್ಞಾನೇಶ. ನಂಗೆ ಬೇರೆ ಎಲ್ಲೈತೆ? ಏನೋ ಭಯ ಆಯ್ತದೆ.’

ಕಲ್ಲೇಶ್ ಬಾಯಿ ಒರೆಸಿಕೊಂಡು ಎದ್ದು ನಿಂತ. ‘ಕಣ್ಣೂ ಇಲ್ಲ ಕಿವೀನೂ ಇಲ್ಲ ಕಣವ್ವೋ. ಹೋದ ವರ್ಷ ನಾನು ಬಡ್ಕೊಂಡೆ, ಎರಡನೇ ಗೊನೆ...’

‘ಸುಮ್ಕಿರ್ಲಾ ಕಲ್ಲೇಶ’ ಅಂದರು ಜ್ಞಾನೇಶ್. ‘ಹಬ್ಬದ ದಿನ ಹಳೇ ಕತೆ ಯಾಕೆ.’

ಕಲ್ಲೇಶ್ ನನ್ನ ಕಡೆ ನೋಡಿದ. ನಾನು ಜ್ಞಾನೇಶ್ ಕಡೆ ನೋಡಿದೆ. ಒಂದು ವಾಕ್ಯಕ್ಕೆ ಬೇಕಾದಷ್ಟು ಜಾಗ ಇತ್ತು. ಅವರು ಗಂಟಲು ಸರಿಮಾಡಿಕೊಂಡರು. ಆ ಸದ್ದು ಕೇಳಿ ನನ್ನ ಕಣ್ಣು ತುಂಬಿಬಂತು, ಹೇಳಿಬಿಟ್ಟರು ಅಂತಲೇ ಅಂದುಕೊಂಡೆ.

‘ಭಯ ಬ್ಯಾಡ ಬುಡಿ ಚಿಕ್ಕಮ್ಮ’ ಅಂದರು. ‘ಈ ಸಲ ಅಟ್ಟ ತುಂಬೋವಾಗ ಇವಳನ್ನ ಎರಡು ವಾರ ತಿಪಟೂರಿಗೆ ಕಳಿಸ್ತೀನಿ. ನಿಮ್ಮ ಕಾಯಿಗೆ ಏನೂ ಆಗಕಿಲ್ಲ. ಅದು ನನ್ನ ಜವಾಬ್ದಾರಿ.’

‘ಹಂಗಾದ್ರೆ ಸರಿ ಕಣಪ್ಪ’ ಅಂದರು ಚಿಕ್ಕಗೌರಮ್ಮನವರು. ಅವರ ಮುಖ ಎಷ್ಟು ಹಗುರಾಯಿತು ಅಂದರೆ, ಅವರ ಮೇಲೆ ನನಗೆ ಕೋಪವೂ ಬರಲಿಲ್ಲ. ಯಾರೋ, ‘ಹುಡುಗ ಬುದ್ಧಿವಂತ’ ಅಂದರು. ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವರು ಮಾತ್ರ ನನ್ನ ಮುಖ ನೋಡಲಿಲ್ಲ.

ನನಗೆ ಅಳು ಬರಲಿಲ್ಲ ಇಕ್ರಾ. ಒಳಗೆ ಹೋಗಿ ಪುಸ್ತಕ, ಪೆನ್ಸಿಲ್ ತಂದೆ. ಅಂಗಳದ ನಡುವೆ ಮಣೆ ಹಾಕಿಕೊಂಡು, ಗಂಡನಿಗೆ ಎದುರಾಗಿ, ಎರಡು ಮಾರು ದೂರದಲ್ಲಿ ಕೂತೆ. ಕಾಫಿ ಇಟ್ಟುಕೊಳ್ಳಲಿಲ್ಲ. ಅವರ ಮುಖವನ್ನೇ ನೋಡಿದೆ. ಮೊದಲು ಹಣೆಯ ಗೆರೆ ಹಾಕಿದೆ, ಆಮೇಲೆ ಕಿವಿ.

ಚಿಕ್ಕಗೌರಮ್ಮನವರು ಎದ್ದು ಗೋಡೆಯ ಆಚೆ ಹೋದರು. ಉಳಿದವರೂ ಒಬ್ಬೊಬ್ಬರೇ ಕುಂಕುಮ ತೆಗೆದುಕೊಂಡು ಹೊರಟರು. ಅಂಗಳದಲ್ಲಿ ನಾನು, ಅವರು, ಕಲ್ಲೇಶ್.

‘ಏನು ಮಾಡ್ತಿದೀಯ? ಎದ್ದೇಳು’ ಅಂದರು.

‘ಎದುರಿಗೆ ಇರೋದನ್ನ ಬರೀತಿದೀನಿ.’

‘ಲಿಖಿತಾ, ತಮಾಷೆ ಸಾಕು.’

‘ನಿಮ್ಮನ್ನೇ ಬರೀತಾವ್ರೆ ಕಣಪ್ಪ’ ಅಂದ ಕಲ್ಲೇಶ್, ಬಹಳ ಮೆಲ್ಲಗೆ.

ಆಗ ಜ್ಞಾನೇಶ್ ಹೆಗಲ ಮೇಲಿನ ಟವೆಲ್ ಎಳೆದು ಮುಖ ಮುಚ್ಚಿಕೊಂಡರು.

ದೃಷ್ಟಿ ಅಂದರೆ ನಗುತ್ತಿದ್ದವರು. ನನಗೆ ಏಣಿ ಹಿಡಿದವರು. ಎರಡೂ ಕೈಯಲ್ಲಿ ಟವೆಲ್ ಒತ್ತಿಕೊಂಡು ಕೂತಿದ್ದರು. ಹೆದರಿಕೆಯೋ ನಾಚಿಕೆಯೋ ಗೊತ್ತಾಗಲಿಲ್ಲ. ಹೆದರಿಕೆಯಾದರೆ ನನ್ನ ಬಗ್ಗೆ ಅವರೇ ಹಬ್ಬಲು ಬಿಟ್ಟ ಸುಳ್ಳನ್ನು ಅವರೂ ನಂಬಿದ್ದಾರೆ. ನಾಚಿಕೆಯಾದರೆ ನಿಜ ಗೊತ್ತಿದ್ದೂ ನನ್ನನ್ನು ಬಲಿ ಕೊಟ್ಟುಬಿಟ್ಟರು. ಎರಡರಲ್ಲಿ ಯಾವುದು ಮೇಲು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಾನು ಟವೆಲ್ಲನ್ನೇ ಬರೆದೆ. ಬೆರಳುಗಳ ನಡುವೆ ಅದರ ಮಡಿಕೆಗಳು ಬಹಳ ಕಷ್ಟ.

ಸಂಜೆ ಬಂದು ಮಾಮೂಲಿ ಧ್ವನಿಯಲ್ಲೇ ಮಾತಾಡಿಸಿದರು. ‘ಎರಡೇ ವಾರ ಕಣೇ. ನಿಂಗೂ ಹೇಗಿದ್ರೂ ಚಿತ್ರ ಬರೆಯೋ ಸೀಸನ್. ಅಲ್ಲಿ ನಿನ್ನ ಫ್ರೆಂಡ್ ಜೊತೆ ಆರಾಮಾಗಿ ಬರ್ಕೊಂಡಿರು. ಸೋಮವಾರ ಹುಳಿಯಾರಿನ ಬಸ್ ಸ್ಟಾಂಡ್ ತನಕ ಬೈಕಲ್ಲಿ ಬಿಡ್ತೀನಿ.’

‘ಆಯ್ತು’ ಅಂದೆ.

ಇವತ್ತು ಬೆಳಿಗ್ಗೆ ಪೆಟ್ಟಿಗೆ ತುಂಬಿದೆ. ಹತ್ತಿ ಸೀರೆಗಳ ಜೊತೆ ಸ್ವೆಟರ್ ಹಾಕಿದೆ, ರೇಷ್ಮೆ ಸೀರೆ ಹಾಕಿದೆ, ಡಿಗ್ರಿ ಸರ್ಟಿಫಿಕೇಟುಗಳ ಫೈಲು ಹಾಕಿದೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಎರಡು ವಾರಕ್ಕೆ ಇಷ್ಟು ಯಾಕೆ ಅಂತ ಕೇಳಲಿಲ್ಲ. ಪೆಟ್ಟಿಗೆ ಮುಚ್ಚಲಾಗದೆ ನಾನು ಒದ್ದಾಡುತ್ತಿದ್ದಾಗ ಒಳಗೆ ಬಂದು, ಮೇಲೆ ಮೊಣಕಾಲೂರಿ ಒತ್ತಿ ಹಿಡಿದರು. ನಾನು ಚಿಲಕ ಹಾಕಿದೆ.

ಲಿಖಿತಾ